ಕೋಟೆ ಬಾಗಿಲಿನ ಚೂರುಗಳು

ಹಳೆಯ ಕೋಟೆ, ಕಲ್ಲುಗಳ ವಿಷಯ ಮಾತಾಡಲು ನನಗೆ ಯಾವ ಅರ್ಹತೆಯೂ ಇಲ್ಲ. ಇದು ನಡೆದಾಗ ನಾನು ಪಕ್ಕದಲ್ಲಿದ್ದೆನೆಂದೂ ಹೇಳಲಾರೆ. ತಿಳಿದವರು ಹೇಳಬೇಕಾದದ್ದನ್ನು ಹೇಳಹೊರಟಿದ್ದೇನೆ. ತಪ್ಪು ಕಂಡರೆ ಅದು ನನ್ನದೆಂದು ತಿಳಿದು ಮನ್ನಿಸಬೇಕು.

"ಮೂರು ಕಾಲದ ಚೂರುಗಳು, ಒಂದೇ ಜಾಗದಲ್ಲಿ! ಅದೂ ಪದರ ಪದರವಾಗಿ!" ಎಂದು ಸರ್ವೆ ಮೇಡಂ ಹೋಟೆಲಿನ ತಿಂಡಿಯ ಮೇಜಿನಲ್ಲಿ ಹೇಳಿದಾಗ, ರೂಮುಗಳನ್ನು ಚೊಕ್ಕಟ ಮಾಡುವ ರೂಮಿನಕ್ಕ ಮೇಜುಬಟ್ಟೆಗಳ ಕಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕಟ್ಟು ಕೈಯಿಂದ ಜಾರಲಿಲ್ಲ. ಆದರೆ ಅದನ್ನು ಎಲ್ಲಿಡಬೇಕೆಂಬುದು ಮಾತ್ರ ಅವಳಿಗೆ ಮರೆತುಹೋಯಿತು.

ಮೇಡಂ ಹಳೆಯ ಕಟ್ಟಡಗಳನ್ನು ಅಳೆದು ದಾಖಲು ಮಾಡುವವರು. ನಾಲ್ಕು ದಿನದಿಂದ ಕೋಟೆ ಬಾಗಿಲಿನ ಒಳಗೆ, ಕಾವಲಿನವರು ಕೂರುತ್ತಿದ್ದ ಗೂಡಿನ ಮುಂದೆ, ಕರಣೆ ಮತ್ತು ಬ್ರಷ್ಷು ಹಿಡಿದು ಮಣ್ಣು ಬಿಡಿಸುತ್ತ ಕೂತಿದ್ದರು. ಅವರ ಎದುರು ಕುಳಿತಿದ್ದ ಹೋಟೆಲಿನ ಯಜಮಾನಿಯ ಮುಖ ಅರಳಿತ್ತು. "ಅಂದ್ರೆ ನಮ್ಮ ಬಾಗಿಲು ಸಾಮಾನ್ಯದ್ದಲ್ಲ ಅಂತಾಯ್ತು!"

"ನಾಡಿದ್ದು ವರದಿ ಕಳಿಸ್ತೀನಿ. ಆಮೇಲೆ ನೋಡಿ, ನಿಮ್ಮಲ್ಲಿಗೆ ಯಾರ್ಯಾರು ಬರ್ತಾರೆ ಅಂತ."

ಹೋಟೆಲು ಬೆಟ್ಟದ ಬುಡದಲ್ಲಿತ್ತು, ಹನ್ನೊಂದು ರೂಮು. ಬಂದವರು ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಕೋಟೆ ಬಾಗಿಲಿಗೋ, ಹೊಳೆಯ ಹಳೆಯ ಕಲ್ಲುಸೇತುವೆಗೋ, ಮೇಲಿನ ಕಾವಲುಗೋಪುರಕ್ಕೋ ನಡೆಯುತ್ತಿದ್ದರು. ಹುರುಪಿನವರು ಸೈಕಲ್ ತುಳಿಯುತ್ತಿದ್ದರು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಂಡೆ ಹತ್ತುತ್ತಿದ್ದರು. ಸಂಜೆ ವಾಪಸಾಗುವಾಗ ಜೇಬಿನಲ್ಲಿ ಒಂದು ಮಡಕೆ ಚೂರು, ಒಂದು ಹೆಂಚಿನ ತುಂಡು ಇದ್ದೇ ಇರುತ್ತಿತ್ತು. ಅದನ್ನು ತೊಳೆದು ಕಿಟಕಿಯಲ್ಲಿ ಸಾಲಾಗಿಟ್ಟು ಎರಡು ದಿನ ಮೆಚ್ಚಿಕೊಳ್ಳುವುದು. ಹೊರಡುವ ದಿನ ಚೀಲ ಭಾರವೆನಿಸಿ ಅಲ್ಲೇ ಬಿಟ್ಟುಹೋಗುವುದು.

ಯಾರೋ ಮರೆತ ಒಂಟಿ ಕಾಲುಚೀಲಕ್ಕೂ ರೂಮ್ ನಂಬರಿನ ಚೀಟಿ ಸಿಕ್ಕಿಸಿ ಎತ್ತಿಡುವ ರೂಮಿನಕ್ಕನಿಗೆ ಇವನ್ನು ಕಸದ ಬುಟ್ಟಿಗೆ ಹಾಕಲು ಮನಸ್ಸಾಗಲಿಲ್ಲ. ಕೋಟೆಯದು ಕೋಟೆಗೆ ಸೇರಲಿ ಎಂದುಕೊಂಡಳು. ಮನೆಗೆ ಹೋಗುವ ದಾರಿ ಕೋಟೆ ಬಾಗಿಲಿನ ಒಳಗಿಂದಲೇ ಹಾದುಹೋಗುತ್ತಿತ್ತು. ವಾರಕ್ಕೊಮ್ಮೆ ಚೂರುಗಳನ್ನು ಏಪ್ರನ್ನಿನಲ್ಲಿ ಕಟ್ಟಿಕೊಂಡು ಹೋಗಿ ಆ ಗೂಡಿನ ಮುಂದೆ ಹರಡುತ್ತಿದ್ದಳು. ಮಳೆಗೆ ಕೊಚ್ಚಿಹೋಗಬಾರದೆಂದು ಮೇಲೆ ನಾಲ್ಕು ಬೊಗಸೆ ಮಣ್ಣು ಹಾಕಿ ಚೊಕ್ಕಟವಾಗಿ ತುಳಿಯುತ್ತಿದ್ದಳು. ಹದಿನಾಲ್ಕು ವರ್ಷ ಹೀಗೆ ಮಾಡಿದ್ದಳು. ಸೇತುವೆಯಾಗಲಿ ಗೋಪುರವಾಗಲಿ ಅವಳು ಕಂಡಿರಲಿಲ್ಲ. ಅತಿಥಿಗಳು ತಿರುಗಾಡುವ ಹೊತ್ತಿನಲ್ಲಿ ಅವರ ಹಾಸಿಗೆ ಸರಿಮಾಡಿ ಬಟ್ಟೆ ಒಗೆಯುವವಳು ಅವಳೇ ತಾನೆ. ಅವಳ ಪಾಲಿಗೆ ಹಳೆಯದೆಂದರೆ ಆ ಬಾಗಿಲೊಂದೇ.

ಅಡುಗೆಮನೆಯಲ್ಲಿ ಮೊಟ್ಟೆ ಒಡೆಯುತ್ತಿದ್ದ ಮೈದುನನಿಗೆ ಎಲ್ಲವನ್ನೂ ಹೇಳಿದಳು. ಹೋಟೆಲಿನ ಅಡುಗೆಯವನು ಅವನೇ. ಅವನು ನಕ್ಕ ರಭಸಕ್ಕೆ ಮೊಟ್ಟೆ ಪಾತ್ರೆಯ ಹೊರಗೆ ಬಿತ್ತು.

"ಅತ್ತಿಗೆ, ಹದಿನಾಲ್ಕು ವರ್ಷ ಒಬ್ಬರೇ ಕೂತು ಇತಿಹಾಸ ಕಟ್ಟಿದ್ದೀರಲ್ಲ! ರಾಜರೂ ಇಷ್ಟು ಕಷ್ಟಪಟ್ಟಿರಲಿಲ್ಲ."

"ನಗಬೇಡ್ವೋ. ಮೇಡಂ ನಾಡಿದ್ದು ವರದಿ ಕಳಿಸ್ತಾರಂತೆ."

"ಸುಮ್ಮನಿದ್ದುಬಿಡಿ. ಮೇಡಂಗೆ ಖುಷಿ, ಯಜಮಾನಿಗೆ ಖುಷಿ. ಚೂರುಗಳೇನು ಬಾಯಿಬಿಟ್ಟು ಹೇಳ್ತವಾ?"

"ಸುಳ್ಳು ಪುಸ್ತಕದಲ್ಲಿ ಕೂತ್ಕೊಳ್ಳುತ್ತಲ್ಲೋ."

"ನೀವು ಬರೆದದ್ದಲ್ಲವಲ್ಲ."

"ತುಳಿದದ್ದು ನಾನೇ ತಾನೆ?"

ಮೈದುನ ನಗು ನಿಲ್ಲಿಸಿದ. "ಯಜಮಾನಿ ಕೆಲಸದಿಂದ ತೆಗೆದ್ರೆ?" ಅವಳು ಟವೆಲುಗಳನ್ನು ಎತ್ತಿಕೊಂಡು ರೂಮುಗಳ ಕಡೆ ನಡೆದಳು. ಆ ದಿನ ಐದನೇ ರೂಮಿಗೆ ಎರಡು ಸಲ ಟವೆಲ್ ಇಟ್ಟಳು, ಆರನೆಯದಕ್ಕೆ ಇಡಲೇ ಇಲ್ಲ.

ಮಧ್ಯಾಹ್ನ ಮೂರಕ್ಕೆ ಕೋಟೆ ಬಾಗಿಲಿಗೆ ಹೋದಳು. ಯಜಮಾನಿಯೂ ಅಲ್ಲೇ ಇದ್ದರು. ಅವರನ್ನು ನೋಡಿ ಹಿಂದಿರುಗಬೇಕೆನಿಸಿತು, ಆದರೆ ಕಾಲು ಮುಂದೆ ಹೋಗಿಯಾಗಿತ್ತು. "ಮೇಡಂ, ಅದನ್ನೆಲ್ಲ ಹೂತವಳು ನಾನು," ಎಂದಳು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಎರಡನೇ ಸಲ, ಅತಿಥಿಗಳು ಬಿಟ್ಟುಹೋದದ್ದು, ತಾನು ತಂದು ಹರಡಿ ತುಳಿದದ್ದು ಎಲ್ಲ ಬಿಡಿಸಿ ಹೇಳಿದಾಗ ಯಜಮಾನಿ ಗೋಡೆಗೆ ಕೈ ಊರಿದರು. ಮೇಡಂ ಕರಣೆಯನ್ನು ಕೆಳಗಿಟ್ಟು, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು.

"ಎಷ್ಟು ವರ್ಷದಿಂದ?"

"ಹದಿನಾಲ್ಕು."

"ಮಣ್ಣು ಯಾಕೆ ತುಳಿದ್ರಿ?"

"ಚೊಕ್ಕಟವಾಗಿರಲಿ ಅಂತ."

ಮೇಡಂ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾರೆಂದು ರೂಮಿನಕ್ಕ ಗಾಬರಿಯಾದಳು. ಅವರು ನಗುತ್ತಿದ್ದರು. "ಇಷ್ಟು ಚೊಕ್ಕಟವಾದ ಪದರ ನಾನು ಎಲ್ಲೂ ನೋಡಿರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು ನನಗೆ. ಬನ್ನಿ, ಕೂತ್ಕೊಳ್ಳಿ. ಯಾವುದು ಎಲ್ಲಿಂದ ಬಂತು, ಏನಾದ್ರೂ ನೆನಪಿದೆಯಾ?"

ನೆನಪಿತ್ತು. "ಇದು ಏಳನೇ ರೂಮು. ಗಡ್ಡದವರು ಸೋಪಿನ ಡಬ್ಬಿಯಲ್ಲಿ ಇಟ್ಟಿದ್ರು. ಪ್ಯಾಂಟು ಮಂಡಿವರೆಗೂ ಕೆಸರು, ಎರಡು ನೀರಿನಲ್ಲಿ ಒಗೆದ್ರೂ ಹೋಗಲಿಲ್ಲ."

"ಕೆಸರು ಅಂದ್ರೆ ಸೇತುವೆ." ಮೇಡಂ ಬರೆದುಕೊಂಡರು. "ಇದು?"

"ಗಂಡ ಹೆಂಡತಿ ಜಗಳ ಆಡ್ಕೊಂಡು ಬಂದವರು. ಇಬ್ಬರ ಕಾಲುಚೀಲದಲ್ಲೂ ಕೆಂಪು ಧೂಳು."

"ಗೋಪುರದ ದಾರಿ. ಅಲ್ಲಿ ಹತ್ತುವಾಗ ಎಲ್ಲರೂ ಜಗಳ ಆಡ್ತಾರೆ."

ಹೀಗೆ ಎರಡು ಗಂಟೆ ಕಳೆಯಿತು. ಒಗೆದ ಬಟ್ಟೆಯ ನೆನಪಿನಿಂದ ಚೂರುಗಳು ಒಂದೊಂದಾಗಿ ಸೇತುವೆಯದು, ಗೋಪುರದ್ದು ಎಂದು ಎರಡು ಟ್ರೇಗಳಲ್ಲಿ ಹಂಚಿಹೋದವು. ಬಾಗಿಲಿನ ಪಾಲಿನ ಮೂರನೆಯ ಟ್ರೇ ಖಾಲಿಯೇ ಉಳಿಯಿತು. ಯಜಮಾನಿ ಅದನ್ನೇ ನೋಡುತ್ತಿದ್ದರು.

ಕೊನೆಗೆ ಮೇಡಂ ಎಲ್ಲಕ್ಕಿಂತ ಕೆಳಗೆ ಸಿಕ್ಕಿದ ಒಂದು ಚೂರನ್ನು ಸುತ್ತಿದ್ದ ಹತ್ತಿಯಿಂದ ಬಿಡಿಸಿದರು. ಅಂಗೈಯಗಲದ ಹೆಂಚು. ಸುಡುವ ಮುಂಚೆ, ಹಸಿಯಾಗಿದ್ದಾಗ, ಅದರ ಮೇಲೆ ಯಾವುದೋ ಹಕ್ಕಿ ನಡೆದುಹೋಗಿತ್ತು. ಮೂರು ಬೆರಳಿನ ಎರಡು ಹೆಜ್ಜೆ. ರೂಮಿನಕ್ಕ ಅಭ್ಯಾಸಬಲದಿಂದ ಅದನ್ನು ಏಪ್ರನ್ನಿಗೆ ಒರೆಸಲು ಹೋದಳು.

"ಒರೆಸಬೇಡಿ!" ಮೇಡಂ ಕೂಗಿದರು. ಆಮೇಲೆ ಮೆಲ್ಲಗೆ, "ಇದು ಇಲ್ಲಿಯದೇ ಆಗಿದ್ರೆ ಇಲ್ಲೊಂದು ಹೆಂಚಿನ ಚಾವಣಿ ಇತ್ತು ಅಂತ ಬರೀಬಹುದು. ಹಿಂದೆ ಯಾರೂ ಬರೆದಿಲ್ಲ."

"ಇದಾದ್ರೂ ಇಲ್ಲಿಯದೇ ಅಲ್ವೇನೇ?" ಯಜಮಾನಿ ಬಗ್ಗಿ ಕೇಳಿದರು. ಗದರಿಕೆಯಿರಲಿಲ್ಲ, ಬೇಡಿಕೆಯಿತ್ತು. "ಹಕ್ಕಿ ಹೆಜ್ಜೆ ಇರೋದನ್ನ ನೀನು ತಂದಿದ್ರೆ ಮರೀತಿದ್ಯಾ?"

ಹೌದೆಂದರೆ ಮುಗಿಯುತ್ತಿತ್ತು. ಇಬ್ಬರೂ ಗೆಲುವಾಗುತ್ತಿದ್ದರು, ಅವಳ ಕೆಲಸವೂ ಉಳಿಯುತ್ತಿತ್ತು. ಮರೆಯುತ್ತಿರಲಿಲ್ಲವೆಂದು ಅವಳಿಗೂ ಅನ್ನಿಸಿತು. ಆದರೆ ಎಲ್ಲಕ್ಕಿಂತ ಕೆಳಗಿನದೆಂದರೆ ಅವಳು ಕೆಲಸಕ್ಕೆ ಸೇರಿದ ಮೊದಲ ವರ್ಷದ್ದೂ ಆಗಿರಬಹುದು. ಆ ವರ್ಷ ಸುಸ್ತಿನಲ್ಲಿ ಯಾವುದನ್ನೂ ತಿರುವಿ ನೋಡದೆ ಸುಮ್ಮನೆ ಹೊತ್ತು ತಂದು ಸುರಿಯುತ್ತಿದ್ದಳು.

"ಗೊತ್ತಿಲ್ಲ, ಅಮ್ಮಾ," ಎಂದಳು. "ತಂದಿದ್ದೆ ಅನ್ನೋಕೂ ಆಗಲ್ಲ, ಇಲ್ಲ ಅನ್ನೋಕೂ ಆಗಲ್ಲ."

ಯಜಮಾನಿ ನೆಟ್ಟಗೆ ನಿಂತು ಕೈಯ ಮಣ್ಣು ಕೊಡವಿಕೊಂಡರು. "ಇವಳೊಬ್ಬಳು," ಎಂದರು. "ಆರನೇ ರೂಮಿನವರು ಬೆಳಿಗ್ಗೆಯಿಂದ ಟವೆಲ್ ಕೇಳ್ತಿದ್ದಾರೆ. ಇಲ್ಲಿ ಮುಗಿದ ಮೇಲೆ ಕೊಡು." ಹೇಳಿ ಇಳಿದು ಹೋದರು. ಕೆಲಸ ಹೋಗಲಿಲ್ಲವೆಂದು ರೂಮಿನಕ್ಕನಿಗೆ ಆಗ ತಿಳಿಯಿತು.

ಮೇಡಂ ಪುಸ್ತಕದಲ್ಲಿ ಚೂರಿನ ಚಿತ್ರ ಬರೆದು, ಪಕ್ಕದಲ್ಲಿ 'ಎಲ್ಲಿಯದೋ ಗೊತ್ತಿಲ್ಲ' ಎಂದು ಬರೆದು, ಕೆಳಗೆ ಹೇಳಿದವರ ಹೆಸರು ಕೇಳಿದರು. ಅವಳು ಎರಡು ಸಲ ಹೇಳಬೇಕಾಯಿತು. ಅಲ್ಲಿ ಯಾರೂ ಅವಳನ್ನು ಆ ಹೆಸರಿನಿಂದ ಕರೆಯುತ್ತಿರಲಿಲ್ಲ.

ಮರುದಿನ ಮೇಡಂ ಯಜಮಾನಿಯನ್ನು ಕೇಳಿ ಅವಳನ್ನು ಜೀಪಿನಲ್ಲಿ ಸೇತುವೆಗೆ ಕರೆದುಕೊಂಡು ಹೋದರು. ಮೈದುನ ಅತಿಥಿಗಳಿಗೆ ಕಟ್ಟುವಂತೆಯೇ ಬುತ್ತಿ ಕಟ್ಟಿದ್ದ: ಬ್ರೆಡ್ಡು, ಬೇಯಿಸಿದ ಮೊಟ್ಟೆ, ಒಂದು ಹಣ್ಣು. ಸೇತುವೆ ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು. ನೀರು ಅಂದುಕೊಂಡದ್ದಕ್ಕಿಂತ ತಣ್ಣಗಿತ್ತು. ಬಟ್ಟೆ ಮಂಡಿಗೆ ಎತ್ತಿಕೊಂಡು ಕಲ್ಲಿನ ಮೇಲೆ ಕುಳಿತು ಕಾಲು ಇಳಿಬಿಟ್ಟಳು. ಅಂಚಿಗೆ ಕೆಸರು ಹತ್ತಿತು.

"ಇದನ್ನ ಯಾರು ಒಗೀಬೇಕೋ ಪಾಪ," ಎಂದಳು. ಮೇಡಂ ಮೊಟ್ಟೆ ಸುಲಿಯುತ್ತ ನಕ್ಕರು.

ವರದಿಯಲ್ಲಿ ಕೋಟೆ ಬಾಗಿಲಿಗೆ ಸಿಕ್ಕಿದ್ದು ಅರ್ಧ ಪುಟ. ಹಕ್ಕಿ ಹೆಜ್ಜೆಯ ಹೆಂಚು ಆ ಬಾಗಿಲ ಚಾವಣಿಯದೋ, ಸೇತುವೆಯ ಬಳಿಯ ಯಾವುದೋ ಮನೆಯದೋ, ಯಾರ ಜೇಬಿನಲ್ಲಿ ಬಂದದ್ದೋ, ಯಾರಿಗೂ ಗೊತ್ತಾಗಲಿಲ್ಲ. ಬಲ್ಲವರನ್ನು ಕೇಳಿ ನೋಡಿದೆ. ನನಗೂ ಗೊತ್ತಿಲ್ಲ.