ಬರೀ ತುಟಿ

ಏಳನೆಯ ನಿಲುವಂಗಿಯ ಕೊರಳಿಗೆ ನೇರಳೆ ಪಟ್ಟಿ ಇಟ್ಟು ಸುಗಂಧಾ ಸೂಜಿ ಚುಚ್ಚಿದಳು. ಹೊಲಿಗೆ ಒತ್ತಾಗಿ ಬೀಳಬಾರದು. ಹಬ್ಬಕ್ಕಾಗಿ ನಾಲ್ಕು ವಾರ ಕಾಯುವ ಆಗಮನ ಕಾಲ ಮುಗಿದು ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಈ ಪಟ್ಟಿಗಳನ್ನೆಲ್ಲ ಬಿಚ್ಚಿ ಬಿಳಿ ಪಟ್ಟಿ ಹಚ್ಚಬೇಕು. ಆಗ ಒಮ್ಮೆ ಎಳೆದರೆ ದಾರ ಪೂರ್ತಿ ಕೈಗೆ ಬರಬೇಕು. ಇದನ್ನು ಕಲಿಸಿದವರು ಅತ್ತೆ. ಇಂಗ್ಲಿಷರ ಕಾಲದ ಆಂಗ್ಲಿಕನ್ ಚರ್ಚು ಅವರದು. ಹಾಡುವುದು ಕನ್ನಡದಲ್ಲಾದರೂ ಬಿಳಿ ನಿಲುವಂಗಿ, ನಾಲ್ಕು ಮೇಣದ ಬತ್ತಿ, ನೇರಳೆ ಬಣ್ಣ ಇವೆಲ್ಲ ಕಾರವಾರದ ಉಪ್ಪುಗಾಳಿಗೆ ತುಕ್ಕು ಹಿಡಿಯದೆ ಹಾಗೇ ಉಳಿದುಕೊಂಡು ಬಂದಿದ್ದವು.

ದಾರ ಮತ್ತೆ ತುಂಡಾಯಿತು. ಬೆಳಗಿನಿಂದ ಇದು ಎಷ್ಟನೆಯ ಸಲವೋ. ದಾರದ ತಪ್ಪಲ್ಲ, ಅವಳೇ ಜಗ್ಗಿ ಎಳೆಯುತ್ತಿದ್ದಳು.

ಗುರುವಾರದ ಅಭ್ಯಾಸದಲ್ಲಿ ಉಳಿದವರು ಚಹಾ ಕುಡಿಯುತ್ತಿದ್ದಾಗ ಸುಜಯ ಅವಳನ್ನು ಪಕ್ಕದ ಕೋಣೆಗೆ ಕರೆದಿದ್ದ. ಮಲ್ಲಾಪುರದ ಕ್ವಾರ್ಟರ್ಸಿನಲ್ಲಿರುವ ಅವನು ಚರ್ಚಿನ ಹಾಡುಗಾರರ ಗುಂಪಾದ ಕ್ವಾಯರಿನ ಹೊಣೆ ಹೊತ್ತು ಎರಡು ವರ್ಷವಾಗಿತ್ತು. ಒಳ್ಳೆಯ ಹುಡುಗ, ಶ್ರಮ ಪಡುತ್ತಾನೆ ಎಂದು ಎಲ್ಲರ ಎದುರು ಹೊಗಳುತ್ತಿದ್ದವಳು ಅವಳೇ. ಮೊದಲು ನಿಲುವಂಗಿಗಳ ಹೊಲಿಗೆ ಎಲ್ಲಿಯವರೆಗೆ ಬಂತು ಎಂದು ಕೇಳಿದ. ಆಮೇಲೆ ಭಾನುವಾರ ಕ್ವಾಯರನ್ನು ಅಂಕೋಲೆಯ ಚರ್ಚಿಗೆ ಒಯ್ಯುವ ವ್ಯಾನಿನ ವಿಷಯ ಹೇಳಿದ. ಆಮೇಲೆ ಗೋಡೆಯ ಕಡೆ ನೋಡುತ್ತ ಹೇಳಿದ್ದು ಇಷ್ಟು.

"ಮಾವಶಿ, ನೀವು ಸಾಲಲ್ಲಿ ನಿಂತ್ಕೊಳ್ಳೇಬೇಕು. ನೀವಿಲ್ದಿದ್ರೆ ಖಾಲಿ ಕಾಣ್ತದೆ. ಆದ್ರೆ ಈ ಸಲ ಬರೀ ತುಟಿ ಆಡಿಸಿದ್ರೆ ಸಾಕು."

ತಮಾಷೆ ಇರಬೇಕು ಎಂದುಕೊಂಡು ಅವಳು ನಕ್ಕಿದ್ದಳು. ಅವನು ನಗಲಿಲ್ಲ.

ಧ್ವನಿ ಇಳಿದದ್ದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಐವತ್ತು ದಾಟುತ್ತಿದ್ದಂತೆ ಮೈಯ ಉಳಿದ ಸಂಗತಿಗಳ ಜೊತೆ ಅದೂ ಬದಲಾಯಿತು. ಮೊದಲು ಸಲೀಸಾಗಿ ಸಿಗುತ್ತಿದ್ದ ಮೇಲಿನ ಸ್ವರಗಳು ಕೈಗೆಟುಕದ ಕಪಾಟಿನ ಡಬ್ಬಿಗಳಂತಾದವು. ಯಾರೂ ಹೇಳುವ ಮೊದಲೇ ಅವಳು ಮೇಲಿನ ಸಾಲು ಬಿಟ್ಟು ಕೆಳಸ್ಥಾಯಿಯಲ್ಲಿ ಹಾಡುವ ಆಲ್ಟೊ ಹೆಂಗಸರ ನಡುವೆ ಬಂದು ನಿಂತಿದ್ದಳು. ಪ್ರತಿ ವರ್ಷ ಕ್ವಾಯರು ಹೋಗಿ ಹಾಡುವ ಅಂಕೋಲೆಯ ಆರಾಧನೆಯಲ್ಲಿ ದೀಪ ಆರಿಸಿ, ವಾದ್ಯವಿಲ್ಲದೆ, ಬಾಗಿಲ ಬಳಿಯಿಂದ ಒಬ್ಬಳೇ ಹೆಂಗಸು ಮೊದಲ ಚರಣ ಹಾಡುವ ಪದ್ಧತಿಯಿದೆ. ಮೊದಲು ಅತ್ತೆ ಹಾಡುತ್ತಿದ್ದರು, ಅವರ ನಂತರ ಅವಳು. ಕಳೆದ ವರ್ಷ ಆ ಚರಣದ ನಡುವೆ ಅವಳ ಗಂಟಲು ಒಡೆಯಿತು. ಯಾರೋ ಅದನ್ನು ಫೋನಿನಲ್ಲಿ ಹಿಡಿದು ಚರ್ಚಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಕೆಳಗೆ ಕೈಮುಗಿದ ಚಿತ್ರಗಳೂ ಇದ್ದವು, ನಗುವ ಮುಖಗಳೂ ಇದ್ದವು. ಈ ವರ್ಷ ಅವಳೇ ಕ್ವಾಯರಿನ ಹುಡುಗಿ ದೀಕ್ಷಾಳನ್ನು ಮನೆಗೆ ಕರೆಸಿ, ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ತೋರಿಸಿ, ಆ ಚರಣವನ್ನು ಒಪ್ಪಿಸಿಬಿಟ್ಟಿದ್ದಳು. ಕೊಟ್ಟದ್ದಕ್ಕೆ ಹೊಟ್ಟೆಯುರಿ ಇರಲಿಲ್ಲ. ಹುಡುಗಿ ಚೆನ್ನಾಗಿ ಹಾಡುತ್ತಾಳೆ.

ಆದರೆ ಕೊಟ್ಟ ಮೇಲೂ ಇವರಿಗೆ ಸಾಲಲಿಲ್ಲ. ಸಾಲಿನ ನಡುವೆ ಸಣ್ಣಗೆ ಹಾಡಿಕೊಂಡಿರುವುದೂ ಬೇಡವಾಯಿತು. ಹೋಗು ಎಂದಾದರೂ ಅನ್ನಬೇಕಿತ್ತು. ಹೋಗು ಎಂದರೆ ಪಟ್ಟಿ ಹೊಲಿಯುವವರು ಯಾರು, ಇಸ್ತ್ರಿ ಮಾಡುವವರು ಯಾರು? ಧ್ವನಿ ಬೇಡ, ಉಳಿದದ್ದೆಲ್ಲ ಬೇಕು.

ಆ ಗುರುವಾರವೇ ಚಹಾ ಮುಗಿದ ಮೇಲೆ ಸುಜಯ ಹೇಳಿದಂತೆ ಅವಳು ಮಾಡಿಯೂ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು, ಪದಗಳ ಆಕಾರವನ್ನೆಲ್ಲ ಮಾಡಿದಳು. ಆಲ್ಟೊ ಸಾಲು ತಪ್ಪುತ್ತದೆ, ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ ಎಂದು ಒಳಗೊಳಗೇ ಕಾದಿದ್ದಳು. ಏನೂ ಆಗಲಿಲ್ಲ. ಯಾರೂ ತಿರುಗಲಿಲ್ಲ. ಹಾಡು ಅವಳಿಲ್ಲದೆ ಮೊದಲಿನಷ್ಟೇ ಚೆನ್ನಾಗಿತ್ತು, ಬಹುಶಃ ತುಸು ಹೆಚ್ಚೇ. ಮುಗಿದಾಗ ಸುಜಯ ಅವಳ ಕಡೆ ನೋಡಿ, ಥ್ಯಾಂಕ್ಸ್ ಎನ್ನುವಂತೆ ತಲೆಯಾಡಿಸಿದ. ಮನೆಗೆ ಬಂದಾಗ ಅವಳ ದವಡೆ ನೋಯುತ್ತಿತ್ತು. ಹಾಡಿದಾಗ ಎಂದೂ ಹಾಗೆ ನೋವಾದದ್ದಿಲ್ಲ.

ಎಂಟನೆಯ ನಿಲುವಂಗಿ ದೀಕ್ಷಾಳದು. ಅದಕ್ಕೆ ಪಟ್ಟಿ ಹಚ್ಚುತ್ತಿರುವಾಗ ಗಂಡ ರೋಷನ ಪೇಟೆಯಿಂದ ಬಾಂಗಡೆ ಮೀನು ತಂದ. ಅವನು ಚರ್ಚಿನ ಕಮಿಟಿಯ ಕಾರ್ಯದರ್ಶಿ. ಎರಡು ದಿನದಿಂದ ನುಂಗಿಕೊಂಡಿದ್ದ ಮಾತನ್ನು ಅವಳು ಸೂಜಿಯಿಂದ ಕಣ್ಣೆತ್ತದೆ ಕೇಳಿದಳು.

"ಸುಜಯ ಹೇಳಿದ್ದು ನಿಮ್ಗೆ ಗೊತ್ತಿತ್ತಾ?"

"ಎಂತದು?"

"ತುಟಿ ಆಡಿಸೂದು."

ಅವನು ಮೀನಿನ ಚೀಲವನ್ನು ಸಿಂಕಿನಲ್ಲಿಟ್ಟ. ಕೈ ತೊಳೆದ. ಎದುರಿಗೇ ತೂಗುತ್ತಿದ್ದ ಟವೆಲನ್ನು ಸ್ವಲ್ಪ ಹೊತ್ತು ಹುಡುಕಿದ.

"ಅದು ನಾನೇ ಹೇಳಿದ್ದು ಮಾರಾಯ್ತಿ. ಅವ ನಿನ್ನ ಸಾಲಿಂದ್ಲೇ ಬಿಡುವ ಹೇಳ್ತಿದ್ದ. ನಾನೇ ಬೇಡ ಅಂದೆ. ಅವಳಿಗೆ ಬೇಜಾರಾಗ್ತದೆ, ನಿಂತ್ಕೊಳ್ಲಿ, ತುಟಿ ಆಡಿಸ್ಲಿ, ಯಾರಿಗೂ ಗೊತ್ತಾಗೂದಿಲ್ಲ ಅಂದೆ."

"ನಂಗೆ ಗೊತ್ತಾಗ್ತದಲ್ಲ."

"ನಿಂಗೆ ಗೊತ್ತಾದ್ರೆ ಎಂತ ತೊಂದ್ರೆ?"

ಅವನು ಚುಚ್ಚಲಿಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದ. ಅವಳು ಸೂಜಿಗೆ ಹೊಸ ದಾರ ಪೋಣಿಸಿದಳು. ಅವಳು ಹೊಲಿಗೆಗೆ ಮರಳಿದ್ದನ್ನು ಕಂಡು ಅವನು ಹಗುರಾದ.

"ಕಮಿಟಿ ಮೀಟಿಂಗಲ್ಲಿ ನಾ ಮಾಡೂದೂ ಅದೇ ಅಲ್ವಾ? ತುಟಿ ಆಡಿಸೂದು," ಎಂದು ನಕ್ಕ. ಬಾಂಗಡೆ ತಾಜಾ ಇದೆ, ಅರ್ಧ ಹುರಿ, ಅರ್ಧ ಸಾರಿಗೆ ಹಾಕು ಎಂದು ಹೇಳಿ ಹೊರಗೆ ಕುರ್ಚಿಯಲ್ಲಿ ಪೇಪರು ಹಿಡಿದು ಕೂತ.

ಸುಗಂಧಾ ಹೊಲಿಯುತ್ತ ಹೋದಳು. ಸಿಟ್ಟು ಎಂಥದೆಂದರೆ ಅದಕ್ಕೆ ಕೂಗು ಬೇಕಾಗಿರಲಿಲ್ಲ. ಊರೆಲ್ಲ ನಕ್ಕಿದ್ದರೆ ಸಹಿಸಬಹುದಿತ್ತು. ಮನೆಯವನೇ ಅವಳ ಪರವಾಗಿ ಚೌಕಾಸಿ ಮಾಡಿ, ಮೀನು ಪೇಟೆಯಲ್ಲಿ ತಲೆ ಬಿಟ್ಟು ಮೈ ಕೊಡು ಅನ್ನುವ ಹಾಗೆ, ಧ್ವನಿ ಬಿಟ್ಟು ಹೆಂಗಸನ್ನು ಉಳಿಸಿಕೊಟ್ಟಿದ್ದ. ಅದನ್ನು ಉಪಕಾರ ಎಂದು ಬೇರೆ ತಿಳಿದಿದ್ದ.

ಆಗಮನದ ನಾಲ್ಕು ವಾರ ಚರ್ಚಿನಲ್ಲಿ 'ಮಹಿಮೆ' ಗೀತೆ ಹಾಡುವುದಿಲ್ಲ. ವರ್ಷವಿಡೀ ಹಾಡುವ ಅದನ್ನು ಬೇಕೆಂದೇ ತಡೆದಿಟ್ಟು ಕ್ರಿಸ್‌ಮಸ್ ದಿನ ಎತ್ತಿಕೊಳ್ಳುವುದು. ಹಸಿದು ಕೂತವಳಿಗೇ ಊಟದ ರುಚಿ ಎನ್ನುತ್ತಿದ್ದರು ಅತ್ತೆ. ಆ ಮೌನದ ಆಚೆ ಒಂದು ಹಬ್ಬ ಕಾದಿರುತ್ತದೆ. ಇವರು ತನಗೆ ಕೊಟ್ಟ ಮೌನದ ಆಚೆ ಏನಿದೆ? ಮುಂದಿನ ವರ್ಷದ ಪಟ್ಟಿ, ಮುಂದಿನ ವರ್ಷದ ಇಸ್ತ್ರಿ.

ಅವಳಿಗೆ ಅಂಕೋಲೆಯ ಮಂಗಲಕ್ಕನ ನೆನಪಾಯಿತು. ಆ ಚರ್ಚಿನ ಮೂರನೆಯ ಬೆಂಚಿನಲ್ಲಿ ಕೂರುವ ಮುದುಕಿ. ಪ್ರತಿ ಹಾಡಿಗೂ ಒಂದು ಮಾತು ತಡವಾಗಿ, ಸ್ವರ ಎತ್ತೆತ್ತಲೋ ಹೋಗಿ, ಆದರೆ ಗಂಟಲು ಬಿಚ್ಚಿ ಹಾಡುತ್ತಾಳೆ. ಮಂಗಲಕ್ಕನ ರೈಲು ಬಂತು ಎಂದು ಕ್ವಾಯರಿನವರು ನಿಲುವಂಗಿಯ ತೋಳಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರೆ, ಸುಗಂಧಾ ಕೂಡ. ಆದರೆ ಮಂಗಲಕ್ಕನಿಗೆ ತುಟಿ ಆಡಿಸು ಎಂದು ಹೇಳುವವರು ಯಾರೂ ಇಲ್ಲ. ಬೆಂಚಿನಲ್ಲಿ ಕೂತವರ ಗಂಟಲಿಗೆ ಕಮಿಟಿಯಿಲ್ಲ.

ಕೊನೆಯ ನಿಲುವಂಗಿ ಅವಳದೇ. ಮಡಿಲಲ್ಲಿಟ್ಟುಕೊಂಡು ಕೊರಳಿನ ಸುತ್ತ ಹಳೆಯ ಸೂಜಿತೂತುಗಳ ಮೇಲೆ ಬೆರಳಾಡಿಸಿದಳು. ಪಟ್ಟಿ ಹಚ್ಚಲಿಲ್ಲ. ನಾಲ್ಕು ಮಡಿಕೆ ಮಾಡಿ ಕಪಾಟಿನ ತಳದಲ್ಲಿ, ಹೊದಿಕೆಗಳ ಕೆಳಗೆ ಇಟ್ಟಳು. ಪಟ್ಟಿ ಹಚ್ಚಿದವುಗಳನ್ನು ಒಂದೊಂದಾಗಿ ಇಸ್ತ್ರಿ ಮಾಡಿ ಚೀಲಕ್ಕೆ ತುಂಬಿದಳು. ಸುಕ್ಕು ಎಲ್ಲಿಯೂ ಉಳಿಯದಂತೆ ಮಾಡಿದಳು.

"ಎಲ್ಲ ಆಯ್ತನೇ?" ಹೊರಗಿನಿಂದ ರೋಷನ ಕೇಳಿದ.

"ಆಯ್ತು."

ಇಸ್ತ್ರಿಪೆಟ್ಟಿಗೆ ಇನ್ನೂ ಬಿಸಿಯಿತ್ತು. ಆಗಮನದ ಭಾನುವಾರಗಳಲ್ಲಿ ಅವಳು ಯಾವ ಸೀರೆ ಉಟ್ಟರೂ ನಿಲುವಂಗಿಯೊಳಗೆ ಯಾರಿಗೂ ಕಾಣುತ್ತಿರಲಿಲ್ಲ. ಎಷ್ಟೋ ವರ್ಷದಿಂದ ಮಾಸಿದ್ದನ್ನೇ ಉಟ್ಟು ಹೋಗುತ್ತಿದ್ದಳು. ಈಗ ನಾಳೆಗೆಂದು ಕಪಾಟಿನಿಂದ ಅಗಲ ಅಂಚಿನ ಹಸಿರು ಸೀರೆ ತೆಗೆದು ಮೇಜಿನ ಮೇಲೆ ಹರಡಿದಳು. ಅಂಕೋಲೆಯ ಆ ಮೂರನೆಯ ಬೆಂಚಿನಲ್ಲಿ ಮಂಗಲಕ್ಕ ಗೋಡೆಯ ಕಡೆ ಕೂರುತ್ತಾಳೆ. ಅವಳ ಪಕ್ಕದಲ್ಲಿ ಯಾವಾಗಲೂ ಜಾಗವಿರುತ್ತದೆ.

ಅಡುಗೆಮನೆಯಲ್ಲಿ ಬಾಂಗಡೆ ಹಾಗೇ ಬಿದ್ದಿತ್ತು. ಸುಗಂಧಾ ಸೆರಗಿನ ತುದಿಯಿಂದ ಇಸ್ತ್ರಿ ಶುರು ಮಾಡಿದಳು.