ಕ್ರಿಯಾಪದವಿಲ್ಲದ ನೀರು

ಗೋಡೆಯೊಳಗಿನ ಪೈಪು ಒಡೆದು ಕ್ಷೌರಿಕನ ಅಂಗಡಿಗೆ ನೀರು ನುಗ್ಗತೊಡಗಿತು. ಅವನು ಪ್ಯಾಂಟನ್ನು ಮೊಣಕಾಲಿಗೇರಿಸಿಕೊಂಡೇ ನೀರು ಸರಬರಾಜು ಕಚೇರಿಗೆ ಓಡಿದ. ಅಲ್ಲಿ ದೂರುಗಳು ಇಂಗ್ಲಿಷಿನಲ್ಲೇ ಇರಬೇಕಿತ್ತು. ಗೊತ್ತಿದ್ದಷ್ಟು ಬರೆದುಕೊಟ್ಟ: 'ವಾಟರ್ ಇನ್ ಮೈ ಶಾಪ್.'

ಗುಮಾಸ್ತರು ಓದಿ ತಲೆಯಾಡಿಸಿದರು. "ಇದರಲ್ಲಿ ಕ್ರಿಯಾಪದವೇ ಇಲ್ವಲ್ರೀ! ನೀರು ಅಂಗಡೀಲಿ ಏನ್ ಮಾಡ್ತಿದೆ?"

"ಏನ್ ಮಾಡುತ್ತೆ ಸಾರ್? ಇದೆ."

"ನಮ್ಮ ಮಾತಲ್ಲಿ 'ನಾನು ಗುಮಾಸ್ತ' ಅಂದ್ರೆ ಮುಗೀತು. ಇಂಗ್ಲಿಷಲ್ಲಿ ಹಾಗೆ ನಡೆಯಲ್ಲ. ಸರಿಯಾಗಿ ನೋಡ್ಕೊಂಡು ಬನ್ನಿ."

ಅವನು ಅಂಗಡಿಗೆ ಮರಳಿ ಕುರ್ಚಿಯ ಮೇಲೆ ಕುಕ್ಕರಗಾಲಲ್ಲಿ ಕೂತು ನೀರನ್ನೇ ದಿಟ್ಟಿಸಿದ. ಮೂಲೆಯಲ್ಲಿ ನಿಂತಿತ್ತು. 'ಸ್ಟ್ಯಾಂಡ್ಸ್' ಎಂದು ಸೇರಿಸಿ ಒಯ್ದ.

"ನಿಂತ ನೀರು ಆರೋಗ್ಯ ವಿಭಾಗದ್ದು."

'ರನ್ಸ್' ಎಂದು ತಿದ್ದಿದ.

"ಓಡೋ ನೀರು ಚರಂಡಿಯವರದ್ದು."

'ಕೇಮ್' ಎಂದು ಬರೆದ.

"ಭೂತಕಾಲ! ಬಂದಾಯ್ತಲ್ಲ, ಇನ್ನೇನು?"

ಅಷ್ಟರಲ್ಲಿ ಬಾಚಣಿಗೆಗಳು ತೇಲುತ್ತಿದ್ದವು. ಇಂಗ್ಲಿಷ್ ಟೀಚರಾಗಿ ನಿವೃತ್ತಳಾಗಿದ್ದ ಅಕ್ಕನ ಬಳಿ ಗೋಳು ತೋಡಿಕೊಂಡ. ಅವಳು ಚೀಟಿಯಲ್ಲಿ ಒಂದೇ ಪದ ಗೀಚಿದಳು: 'ಕಮ್.'

"ಕರ್ತೃ ಎಲ್ಲಿ ಅಕ್ಕಾ?"

"ಅಪ್ಪಣೆ ಕೊಡುವಾಗ ಯಾರು ಓದ್ತಾರೋ ಅವರೇ ಕರ್ತೃ ಕಣೋ. ಕೊಟ್ಟು ನೋಡು."

ಗುಮಾಸ್ತರು ಚೀಟಿಯನ್ನು ಮೂರು ಸಲ ಓದಿದರು, ತಿರುಗಿಸಿ ನೋಡಿದರು. ಮುಖ ಬಿಳಿಚಿಕೊಂಡಿತು. "ವಾಕ್ಯ ಪೂರ್ತಿಯಾಗಿದೆ," ಎಂದು ಹೇಳಿ, ಚಪ್ಪಲಿ ಮೆಟ್ಟಿ ಅವನ ಹಿಂದೆಯೇ ಹೊರಟುಬಿಟ್ಟರು.

ಅಂಗಡಿಯಲ್ಲಿ ಕಾಯುತ್ತಿದ್ದ ಅಕ್ಕ ಬಕೆಟ್ಟಿನ ಜೊತೆ 'ಲಿಫ್ಟ್' ಎಂಬ ಚೀಟಿ ಕೊಟ್ಟಳು. ಗುಮಾಸ್ತರು ತುಂಬಿದ ಬಕೆಟ್ ಎತ್ತಿ ಹಾಗೇ ನಿಂತರು. ತೋಳು ನಡುಗಿದರೂ ಇಳಿಸಲಿಲ್ಲ. ಅಕ್ಕ ಅವಸರದಲ್ಲಿ 'ಪೋರ್' ಎಂದು ಬರೆದ ಮೇಲೆಯೇ ಹೊರಗೆ ಚೆಲ್ಲಿದರು. ಆಮೇಲೆ 'ಫೋನ್' ಎಂಬ ಚೀಟಿ ಹೋಯಿತು.

"ಇದು ನಾಮಪದನೋ ಕ್ರಿಯಾಪದನೋ?" ಎಂದು ಅವರು ಗಾಬರಿಯಾದರು.

"ಎರಡೂ ಹೌದು. ಈಗ ಮಾಡ್ರೀ!"

ಅವರು ಫೋನ್ ಮಾಡಿದ ಅರ್ಧ ಗಂಟೆಯಲ್ಲಿ ಪ್ಲಂಬರ್ ಬಂದು, ಗೋಡೆ ಒಡೆದು ಹೊಸ ಪೈಪು ಹಾಕಿದ. ಅಕ್ಕ ಮನೆಗೆ ಹೋದಳು. ಗುಮಾಸ್ತರು ಮಾತ್ರ ಕದಲಲಿಲ್ಲ.

ಕ್ಷೌರಿಕ ಕೈಮುಗಿದ. "ತುಂಬಾ ಉಪಕಾರವಾಯ್ತು. ಹೋಗಿ ಬನ್ನಿ ಸಾರ್."

"ಹೋಗೋದಾ, ಬರೋದಾ?"

"ಹೋಗಿ ಬನ್ನಿ ಅಂದೆ ಸಾರ್."

ಗುಮಾಸ್ತರು ಬೀದಿಯ ತುದಿಯವರೆಗೆ ಹೋದರು. ವಾಪಸ್ಸು ಬಂದು ಹೊಸ್ತಿಲಲ್ಲಿ ನಿಂತು, "ಬಂದೆ," ಎಂದರು.

ಕ್ಷೌರಿಕನಿಗೆ ಅಯ್ಯೋ ಅನಿಸಿತು. ಒಣ ಟವೆಲ್ ಹುಡುಕಿ ಅವರ ಕೈಗಿತ್ತು, ಕುರ್ಚಿಯತ್ತ ಸುಮ್ಮನೆ ಬೆರಳು ತೋರಿಸಿದ.