ಎಡಗಡೆಯ ಇಲಿಗೆ ಬಿದ್ದ ಬೈಗುಳ

ಬೈಯುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಟ್ರಾಮ್ ಡಿಪೋದಲ್ಲಿ ಒಬ್ಬರೂ ಇರಲಿಲ್ಲ. ಪೀಟರ್ಸ್‌ಬರ್ಗಿನ ಹಳಿಗಳ ಮೇಲೆ ಅರ್ಧ ಆಯುಷ್ಯ ಟ್ರಾಮ್ ಓಡಿಸಿದವಳು ನಾನು. ಹಳಿಗೆ ಅಡ್ಡವಾಗಿ ಕಾರು ನಿಲ್ಲಿಸಿ ಬ್ರೆಡ್ ತರಲು ಹೋದವರು, ಮುಚ್ಚುವ ಬಾಗಿಲಿಗೆ ಛತ್ರಿ ತುರುಕಿದವರು, ಡಿಪೋದ ದೊಡ್ಡ ಸಾಹೇಬರು, ಎಲ್ಲರಿಗೂ ನನ್ನ ಬಾಯಿಯ ರುಚಿ ಗೊತ್ತಿತ್ತು. "ರಿಮ್ಮಾ ಅರ್ಕಾದ್ಯೆವ್ನಾ ಇದ್ರೆ ಟ್ರಾಮಿಗೆ ಗಂಟೆ ಯಾಕೆ?" ಎಂದು ಜೊತೆಯವರು ನಗುತ್ತಿದ್ದರು. ಅಂಥ ನನ್ನ ಬಾಯಿ ಕಳೆದ ಮಾರ್ಚಿನಿಂದ ಕಟ್ಟಿಹೋಗಿತ್ತು.

ನನ್ನ ಮೊಮ್ಮಗಳು ಸ್ಟೇಷಾ ಕಾಲು ಮುರಿದುಕೊಂಡದ್ದು ಆ ಮಾರ್ಚಿನಲ್ಲೇ. ಬ್ಯಾಲೆ ಶಾಲೆಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಮನೆಯ ಮುಂದೆ ಹಿಮ ಗಟ್ಟಿಯಾಗಿದ್ದ ಮೆಟ್ಟಿಲ ಮೇಲೆ ಜಾರಿದಳು, ಬಲ ಪಾದದ ಮೂಳೆ ಹೋಯಿತು. ಪ್ಲಾಸ್ಟರ್ ಬಿಚ್ಚಿದ ದಿನ ಆ ಪುಟ್ಟ ಪಾದ ಬಿಳಿಚಿಕೊಂಡು, ಸೊರಗಿ, ಬೇರೆ ಯಾರದ್ದೋ ಪಾದದ ಹಾಗೆ ಕಾಣಿಸಿತು. ಅದನ್ನು ಕಂಡಮೇಲೆ ಅವಳಿಗೆ ಒಂದು ಗಡಸು ಮಾತು ಆಡಲು ನನ್ನಿಂದ ಆಗಲೇ ಇಲ್ಲ. ಮೇಜಿನ ಬಟ್ಟೆಯ ತುಂಬ ಬೀಟ್‌ರೂಟ್ ಸೂಪು ಚೆಲ್ಲಿದರೂ "ಹೋಗ್ಲಿ ಬಿಡು ಬಂಗಾರ" ಎನ್ನುತ್ತಿದ್ದೆ. ನನ್ನ ಮಗಳು ಇನ್ನಾ, ಅಂದರೆ ಸ್ಟೇಷಾಳ ತಾಯಿ, ಒಂದು ದಿನ ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದಳು. "ಅಮ್ಮಾ, ನಿಂಗೆ ಮೈ ಹುಷಾರಿಲ್ವಾ?"

ಶರತ್ಕಾಲದಲ್ಲಿ ಶಾಲೆಯವರು ಹುಡುಗಿಯನ್ನು ಮತ್ತೆ ಸೇರಿಸಿಕೊಂಡರು, ಆದರೆ ಅರ್ಧ ಮನಸ್ಸಿನಿಂದ. ಅವಳ ಗುರು ನೋನ್ನಾ ಲ್ವೋವ್ನಾ ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು.

"ಹೊಸವರ್ಷದ ಬ್ಯಾಲೆಯಲ್ಲಿ ಇವಳನ್ನ ಇಲಿ ಮಾಡ್ತೀನಿ" ಎಂದರು. "ಮುಖವಾಡ ಇರುತ್ತೆ, ಮುಖ ಯಾರಿಗೂ ಕಾಣಲ್ಲ. ನಾನು ನೋಡೋದು ಕಾಲು. ಬೆಂಚಿನ ಮೇಲಿಂದ ಹಾರಿ ಬಲಗಾಲ ಮೇಲೆ ಇಳೀಬೇಕು. ವೇದಿಕೆ ಮೇಲೂ ಆ ಕಾಲಿಗೆ ಹೆದರ್ತಾ ಎಡಗಾಲು ಊರಿದ್ರೆ, ಜನವರಿಯಿಂದ ಮಾಮೂಲಿ ಶಾಲೆಗೆ ಹಾಕ್ಬಿಡಿ. ಮಗೂಗೆ ನೋವು ಕೊಟ್ಕೊಂಡು ನಾನು ಪಾಠ ಹೇಳಲ್ಲ."

ಮೂಳೆ ಕೂಡಿದೆ ಎಂದು ವೈದ್ಯರು ಹೇಳಿಯಾಗಿತ್ತು. ಆದರೂ ಅಭ್ಯಾಸದಲ್ಲಿ ಒಂದು ದಿನ ಸರಿಯಾಗಿ ಹಾರಿದರೆ ಮರುದಿನ ಎಡಗಾಲೇ ಮುಂದೆ ಬರುತ್ತಿತ್ತು. ಅಂಥ ದಿನ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ಆ ಶಾಲೆ ಬಿಟ್ಟರೆ ಈ ಹುಡುಗಿ ಏನಾದಾಳು ಎಂದು ನನಗೂ ಇನ್ನಾಗೂ ನಿದ್ದೆ ಇರಲಿಲ್ಲ.

ಪ್ರದರ್ಶನದ ದಿನ ಬೆಳಿಗ್ಗೆ ಗಂಜಿಯ ಬಟ್ಟಲಲ್ಲಿ ಚಮಚ ಆಡಿಸುತ್ತಾ ಸ್ಟೇಷಾ ಹೇಳಿದಳು:

"ಅಜ್ಜಿ, ಇವತ್ತು ನೀನೇ ನನ್ನ ಬೈಬೇಕು. ನಾನು ವೇದಿಕೆ ಮೇಲೆ ಇರೋ ಅಷ್ಟು ಹೊತ್ತೂ. ನಿಲ್ಲಿಸ್ಬಾರ್ದು."

ನಮ್ಮಲ್ಲಿ ಪರೀಕ್ಷೆಗೆ ಕೂತವರನ್ನು, ವೇದಿಕೆ ಹತ್ತಿದವರನ್ನು ಮನೆಯವರು ಹೊಗಳುವುದಿಲ್ಲ, ಹರಸುವುದಿಲ್ಲ. ಅವರ ಕೆಲಸ ಮುಗಿಯುವ ತನಕ ಬಾಯಿ ತುಂಬ ಬೈಯಬೇಕು. ಆಗಲೇ ಕೆಲಸ ಕೈಗೂಡುವುದು. ಇನ್ನಾಳ ಕಾಲೇಜು ಪರೀಕ್ಷೆಗಳಿಗೆಲ್ಲ ನಾನು ಟ್ರಾಮ್ ಓಡಿಸುತ್ತಲೇ ಎಷ್ಟು ಬೈದಿದ್ದೆ ಎಂದರೆ ಪ್ರಯಾಣಿಕರು ಹಿಂದಿನ ಬಾಗಿಲಿಗೆ ಸರಿದಿದ್ದರು. ಅವಳು ಒಂದರಲ್ಲೂ ಫೇಲಾಗಲಿಲ್ಲ.

"ನಿಮ್ಮಮ್ಮ ಬೈಲಿ" ಎಂದೆ.

"ಅಮ್ಮ ಬೈಯೋಕೆ ಹೋದ್ರೆ ಅತ್ತುಬಿಡ್ತಾಳೆ. ನಿಂಗೆ ಚೆನ್ನಾಗಿ ಬರುತ್ತೆ. ಎಲ್ಲಿ, ಈಗ ಒಂದ್ಸಲ ಬೈದು ತೋರ್ಸು."

"ನೀನು... ನೀನೊಂದು..."

"ಹೂಂ?"

"ನೀನೊಂದು ಕೋಳಿಮರಿ."

"ಅಜ್ಜೀ! ಅದೂ ಒಂದು ಬೈಗುಳಾನಾ? ನಾನು ಸತ್ತೆ ಇವತ್ತು!" ಎಂದು ಹಣೆ ಚಚ್ಚಿಕೊಂಡಳು. ಮನೆಯಿಂದ ಹೊರಡುವಾಗ ಮತ್ತೆ ತಿರುಗಿ, "ನಾನಿರೋದು ಎಡಗಡೆ ಕೊನೇಲಿ. ನೆನಪಿಟ್ಕೋ. ಎಡಗಡೆ!" ಎಂದು ಕೂಗಿ ಹೋದಳು.

ಮಧ್ಯಾಹ್ನದ ಆಟ. ಥಿಯೇಟರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಳ್ಳಿ ಬಣ್ಣದ ರಿಬ್ಬನ್ ಕಟ್ಟಿದ ಮಕ್ಕಳು, ಅವರ ಹಿಂದೆ ಸ್ವೆಟರ್ ಹಿಡಿದು ಓಡುವ ಅಜ್ಜಿಯರು. ಇನ್ನಾ ಬಾಗಿಲ ಬಳಿ ಕೋಟು ಕಾಯುವವರಿಗೆ ನಮ್ಮ ಕೋಟುಗಳನ್ನು ಒಪ್ಪಿಸಿದಳು, ನಾನು ಬೂಟು ಕಳಚಿ ಚೀಲದಿಂದ ಒಳ್ಳೆಯ ಚಪ್ಪಲಿ ತೆಗೆದು ಹಾಕಿಕೊಂಡೆ. ದುರ್ಬೀನನ್ನೂ ಬಾಡಿಗೆಗೆ ತೆಗೆದುಕೊಂಡೆವು. ದುರ್ಬೀನು ತೆಗೆದುಕೊಂಡವರಿಗೆ ಕೊನೆಗೆ ಸಾಲು ನಿಲ್ಲದೆ ಕೋಟು ಸಿಗುತ್ತದೆ, ಅದಕ್ಕೇ ಹೊರತು ನೋಡುವುದಕ್ಕೆ ಯಾರೂ ತೆಗೆದುಕೊಳ್ಳುವುದಿಲ್ಲ. ಕುಣಿಯುವ ಮಕ್ಕಳ ಮನೆಯವರಿಗೆಂದು ಕೊಟ್ಟ ಜಾಗ ಮೂರನೆಯ ಅಂತಸ್ತಿನ ಬಲಗಡೆಯ ಮೂಲೆಯಲ್ಲಿತ್ತು. ಅಲ್ಲಿಂದ ವೇದಿಕೆಯ ಬಲಗಡೆ ಕಾಣುವುದಿಲ್ಲ. ಕಾಣದಿದ್ದರೇನಂತೆ, ನಮ್ಮವಳು ಎಡಗಡೆ ಇದ್ದಾಳಲ್ಲ ಎಂದುಕೊಂಡೆ.

ಮೂರನೆಯ ಗಂಟೆ ಬಾರಿಸಿ ದೀಪ ಆರಿತು. ಇನ್ನಾ ನನ್ನ ತೋಳು ಹಿಡಿದು ಕಣ್ಣು ಮುಚ್ಚಿಕೊಂಡಳು.

ಮೊದಲು ಹಬ್ಬದ ಮನೆ, ಅತಿಥಿಗಳು, ಮರದ ಬೊಂಬೆಗಾಗಿ ಮಕ್ಕಳ ಕಿತ್ತಾಟ. ಆಮೇಲೆ ಮನೆಯವರೆಲ್ಲ ಮಲಗಿದ ಮೇಲೆ ಹೊಸವರ್ಷಕ್ಕೆ ಸಿಂಗರಿಸಿದ ದೀಪದ ಮರ ಬೆಳೆಯಲು ಶುರುವಾಗುತ್ತದೆ. ಸಂಗೀತದ ಜೊತೆಗೆ ಅದು ಏರುತ್ತಾ ಏರುತ್ತಾ ಛಾವಣಿ ಮುಟ್ಟಿದಾಗ ಸಭಾಂಗಣದ ಮಕ್ಕಳೆಲ್ಲ ಒಟ್ಟಿಗೆ "ಹಾಆ" ಎಂದವು. ನಾನು ಸಣ್ಣವಳಿದ್ದಾಗಿನಿಂದ ನೋಡುತ್ತಿರುವ ಮರ ಅದು. ಯಾವಾಗಲೂ ನನ್ನ ಬಾಯಿಂದಲೂ "ಹಾ" ಬರುತ್ತಿತ್ತು. ಈ ಸಲ ನಾನು ದುರ್ಬೀನಿನ ಗಾಜು ಒರೆಸುತ್ತಿದ್ದೆ.

ಇಲಿಗಳು ಬಂದವು. ಅಯ್ಯೋ ದೇವರೇ, ಎಲ್ಲವೂ ಒಂದೇ ಅಚ್ಚು! ಬೂದು ಬಣ್ಣದ ಮೈ, ಕುಂಬಳಕಾಯಿಯಷ್ಟು ತಲೆ, ಉದ್ದ ಬಾಲ. ದುರ್ಬೀನು ಹಿಡಿದು ಎಡಗಡೆಯ ಕೊನೆಯ ಇಲಿಯನ್ನು ಹುಡುಕಿದೆ. ಬೈಯಬೇಕೆಂದು ತುಟಿ ತೆರೆದೆ. ಏನೂ ಬರಲಿಲ್ಲ. ಟ್ರಾಮಿನ ಬ್ರೇಕು ಕಚ್ಚಿಕೊಂಡ ಹಾಗೆ ನಾಲಿಗೆ ಕಚ್ಚಿಕೊಂಡಿತು.

ಅಷ್ಟರಲ್ಲಿ ಬೊಂಬೆ ಸಿಪಾಯಿಗಳು ಫಿರಂಗಿ ಹಾರಿಸಿದರು. ನನ್ನ ಇಲಿ ಎರಡು ಹೆಜ್ಜೆ ಓಡಿ ಕುಂಟತೊಡಗಿತು. ಬಲಗಾಲು! ಕಾಲು ಹೋಯಿತು, ಶಾಲೆ ಹೋಯಿತು, ಎಲ್ಲಾ ಹೋಯಿತು. ಆಗ ಒಳಗೆ ಏನೋ ಕಿತ್ತುಕೊಂಡು ಬಂತು ನೋಡಿ.

"ಏ ಕುಂಟು ಬಾತುಕೋಳಿ! ಕಾಲೆತ್ತೇ ಸೋಮಾರಿ! ಮೂರು ಹೊತ್ತು ತಿಂದು ಆಲೂಗಡ್ಡೆ ಮೂಟೆ ಹಾಗೆ ಬಿದ್ಕೊಂಡಿದ್ದೀಯಲ್ಲ, ನಾಚ್ಕೆ ಆಗಲ್ವಾ? ನೆಟ್ಟಗೆ ನಿಲ್ಲೇ ಕತ್ತೆ! ನಿನ್ನ ಬಾಲಕ್ಕೆ ಬೆಂಕಿ ಹಾಕ!"

ಪಿಸುಗುಟ್ಟಿಯೇ ಬೈದೆ, ಆದರೆ ನನ್ನ ಪಿಸುಮಾತು ಡಿಪೋದ್ದು. ಮುಂದಿನ ಸಾಲಿನಲ್ಲಿ ಕೂತಿದ್ದ, ಬಿಳಿಕೂದಲನ್ನು ಎತ್ತಿ ಕಟ್ಟಿದ್ದ ಹೆಂಗಸು ಸರಕ್ಕನೆ ತಿರುಗಿದಳು.

"ಯಾರನ್ನ ರೀ ಹೀಗೆ ಜಾಡಿಸ್ತಿದೀರಾ?"

"ಎಡಗಡೆ ಕೊನೇ ಇಲೀನ. ನನ್ನ ಮೊಮ್ಮಗಳು, ನನ್ನಿಷ್ಟ, ಬೈತೀನಿ!"

"ನಿಮ್ಮ ಮೊಮ್ಮಗಳಾ? ಅದು ನಮ್ಮ ಹುಡುಗಿ ಕಣ್ರೀ! ಅವಳ ಬೆನ್ನು ನಂಗೆ ಗೊತ್ತಾಗಲ್ವಾ?"

"ಕುಂಟ್ತಾ ಇದ್ದಾಳಲ್ಲ!"

"ಕುಂಟ್ಬೇಕು ಅಂತಾನೇ ಹೇಳ್ಕೊಟ್ಟಿದಾರೆ. ಗುಂಡೇಟು ಬಿದ್ದ ಇಲಿ ಅದು. ಒಂದು ತಿಂಗಳಿಂದ ನಮ್ಮನೆ ಅಡುಗೆಮನೇಲಿ ಕುಂಟಿ ಕುಂಟಿ ತಲೆ ಕೆಡಿಸಿದಾಳೆ."

"ಎಡಗಡೆ ಅಂದಿದ್ಲಲ್ಲ ನಮ್ಮವಳು..."

"ಅವಳ ಎಡ ಇರ್ಬೇಕು, ನಿಮ್ಮ ಎಡ ಅಲ್ಲ! ನಮ್ಮ ಕಡೆ ಮುಖ ಮಾಡಿ ಕುಣಿಯೋದಲ್ವಾ ಅವರು?"

ಹೋಗುವ ದಾರಿಯ ಎಡ ಬರುವ ದಾರಿಯಲ್ಲಿ ಬಲವಾಗುತ್ತದೆ ಎಂದು ಹೊಸ ಚಾಲಕರಿಗೆ ಪಾಠ ಹೇಳಿದವಳು ನಾನು. ನನ್ನ ಬುದ್ಧಿಗಿಷ್ಟು ಮಣ್ಣು ಹಾಕ! ಒಂಬತ್ತು ತಿಂಗಳಿಂದ ಕಟ್ಟಿಹೋಗಿದ್ದ ಬಾಯಿ ಬಿಚ್ಚಿ ಉದುರಿದ್ದನ್ನೆಲ್ಲ ಯಾರದೋ ಮಗುವಿಗೆ ಸುರಿದುಬಿಟ್ಟಿದ್ದೆ. ನನ್ನ ಕೂಸು ಒಂದೇ ಒಂದು ಬೈಗುಳವಿಲ್ಲದೆ, ನನಗೆ ಕಾಣದ ಮೂಲೆಯಲ್ಲಿ ಬೆಂಚು ಹತ್ತುತ್ತಿತ್ತು.

ಎದ್ದು ಮುಂದಿನ ಸಾಲಿಗೆ ನುಗ್ಗಿ, ಅಂತಸ್ತಿನ ಅಂಚಿನ ಕಟಕಟೆಯ ಮೇಲೆ ಬಾಗಿದೆ. ಕಾಣಲಿಲ್ಲ. ಇನ್ನಷ್ಟು ಬಾಗಿದೆ. "ಬಿದ್ದೀರಾ!" ಎಂದು ಆ ಹೆಂಗಸು ಹಿಂದಿನಿಂದ ನನ್ನ ಉಡುಪಿನ ಬೆಲ್ಟು ಹಿಡಿದುಕೊಂಡಳು. ಆಗ ಬೆಂಚು ಕಂಡಿತು, ಅದರ ತುದಿಯಲ್ಲಿ ನಿಂತ ಇಲಿಯೂ ಕಂಡಿತು. ಈಗ ಬೈಯಬೇಕು, ಈಗಲೇ. ಮತ್ತೆ ನನ್ನ ಬಾಯಿ ಕಟ್ಟಿತು. ನಮ್ಮವಳು ಎಂದು ಗೊತ್ತಾದ ಕೂಡಲೇ ಕಟ್ಟಿಬಿಟ್ಟಿತು.

"ಬೈರೀ!" ಎಂದಳು ಬೆಲ್ಟು ಹಿಡಿದವಳು.

"ಆಗ್ತಿಲ್ಲ ರೀ, ಬರ್ತಿಲ್ಲ..."

"ಅಯ್ಯೋ, ಹೆಸರೇನು ಹೇಳಿ!"

"ಸ್ಟೇಷಾ."

"ಸ್ಟೇಷಾ ದಡ್ಡಿ!" ಎಂದು ಆಕೆ ಶುರುಮಾಡಿದಳು. "ದಡ್ಡಿ! ಪೆದ್ದಿ! ಇನ್ನೂ... ಇನ್ನೂ ಪೆದ್ದಿ!" ಪಾಪ, ಆಕೆಯ ಹತ್ತಿರ ಇದ್ದದ್ದೇ ಅಷ್ಟು. ಅದನ್ನೇ ಜಪಮಾಡಿದ ಹಾಗೆ ಹೇಳುತ್ತಿದ್ದಳು.

ಇಲಿ ಹಾರಿತು. ಅದೇ ಗಳಿಗೆಗೆ ಫಿರಂಗಿ ಇನ್ನೊಮ್ಮೆ ಢಂ ಎಂದಿತು, ಬೆಂಚಿನ ಸುತ್ತ ಬಿಳಿ ಹೊಗೆ ತುಂಬಿತು. ಯಾವ ಕಾಲು ಮೊದಲು ಊರಿತೋ ನಾನು ನೋಡಲಿಲ್ಲ. ಹೊಗೆ ಕರಗುವಷ್ಟರಲ್ಲಿ ಇಲಿಗಳೆಲ್ಲ ಸತ್ತುಬಿದ್ದ ತಮ್ಮ ಇಲಿರಾಜನನ್ನು ಎಳೆದುಕೊಂಡು ಒಳಗೆ ಓಡಿಹೋಗಿದ್ದವು.

"ಏನಾಯ್ತಮ್ಮಾ?" ಎಂದು ಇನ್ನಾ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಹೊಗೆ ಬಂತು" ಎಂದೆ.

ಮಧ್ಯಂತರದಲ್ಲಿ ಆ ಹೆಂಗಸು ನನಗೊಂದು ಲೋಟ ಬಿಸಿ ಚಹಾ ಕುಡಿಸಿದಳು. ಫೈನಾ ಮಾರ್ಕೋವ್ನಾ ಎಂದು ಅವಳ ಹೆಸರು. "ನಿಮ್ಮ ಬಾಯಿ ಬಂಗಾರ ರೀ. ನಮ್ಮವಳು ಎಷ್ಟು ಚೆನ್ನಾಗಿ ಕುಂಟಿದ್ಲು ನೋಡಿದ್ರಾ? ಎಲ್ಲಾ ನಿಮ್ಮಿಂದ" ಎಂದಳು. ನಗು ಬರಲಿಲ್ಲ ನನಗೆ. ಎರಡನೆಯ ಅಂಕದಲ್ಲಿ ಏನೇನು ಕುಣಿದರೋ ಯಾರಿಗೆ ಗೊತ್ತು. ಹೂಗಳು ಬಂದವು, ರಾಜಕುಮಾರ ಬಂದ, ಜನ ಚಪ್ಪಾಳೆ ತಟ್ಟಿದರು. ನಾನು ಮಾಮೂಲಿ ಶಾಲೆಯ ಸಮವಸ್ತ್ರಕ್ಕೆ ಎಲ್ಲಿ ಹೋಗಬೇಕೆಂದು ಯೋಚಿಸುತ್ತಿದ್ದೆ.

ಪರದೆ ಬಿದ್ದದ್ದೇ ತಡ, ದುರ್ಬೀನು ಮುಂದೆ ಚಾಚಿ ಕೋಟು ಇಸಿದುಕೊಂಡು ಹೊರಗೆ ಓಡಿದೆವು. ನಾನು ಬೂಟಿನ ಜಿಪ್ಪನ್ನೂ ಎಳೆದಿರಲಿಲ್ಲ. ಕಲಾವಿದರ ಬಾಗಿಲಿರುವುದು ಹಿಂದಿನ ಬೀದಿಯಲ್ಲಿ. ಇನ್ನೂ ಸ್ವಲ್ಪ ಬೆಳಕಿತ್ತು, ಸಣ್ಣಗೆ ಹಿಮ ಉದುರುತ್ತಿತ್ತು. ಮಕ್ಕಳು ಒಬ್ಬೊಬ್ಬರಾಗಿ ಹೊರಬಂದು ಅಪ್ಪ ಅಮ್ಮಂದಿರ ಕೈ ಹಿಡಿದು ಹೋದರು. ಫೈನಾಳ ಮೊಮ್ಮಗಳೂ ಬಂದಳು. ನಮ್ಮವಳು ಬರಲಿಲ್ಲ.

"ಒಳಗೆ ಅಳ್ತಾ ಕೂತಿದಾಳೆ" ಎಂದಳು ಇನ್ನಾ, ತಾನೇ ಅಳುತ್ತಾ.

ಬಾಗಿಲು ದಢಾರನೆ ತೆರೆಯಿತು. ಸ್ಟೇಷಾ. ಟೋಪಿಯಿಲ್ಲ, ಕೋಟಿನ ಗುಂಡಿ ಹಾಕಿಲ್ಲ, ಬಾಯಿ ತುಂಬ ಚಾಕಲೇಟು. ನಮ್ಮನ್ನು ಕಂಡವಳೇ ಓಡಿಬಂದಳು. ಕಾಲುದಾರಿಯ ನಡುವೆ ಹುಡುಗರು ಜಾರಿ ಜಾರಿ ಹೊಳಪೇರಿಸಿದ ಉದ್ದನೆಯ ಕಪ್ಪು ಮಂಜುಗಡ್ಡೆಯ ಪಟ್ಟಿಯಿತ್ತು. ಅವಳು ಅದನ್ನು ಬಳಸಿ ಬರಲಿಲ್ಲ. ಸೀದಾ ಅದರ ಮೇಲೇ ಹಾರಿದಳು, ಒಂದೇ ಕಾಲ ಮೇಲೆ, ಎರಡೂ ಕೈ ಅಗಲಿಸಿ, ಜುಯ್ಯೆಂದು ಜಾರಿ ಬಂದಳು.

"ಕಾಲೂ!" ಎಂದು ಇನ್ನಾ ಚೀರಿದಳು. "ಸ್ಟೇಷಾ, ಕಾಲು!"

ಹುಡುಗಿ ನಮ್ಮ ಮುಂದೆ ಬಂದು ನಿಂತಳು. ಬಗ್ಗಿ ಒಂದು ಬೂಟು ನೋಡಿದಳು, ಇನ್ನೊಂದು ಬೂಟು ನೋಡಿದಳು.

"ಯಾವ ಕಾಲು?" ಎಂದು ಕೇಳಿದಳು.

ಆಟಕ್ಕೆ ಕೇಳಿದ್ದಲ್ಲ. ಮುರಿದದ್ದು ಯಾವುದೆಂದು ನಿಜವಾಗಿಯೂ ಅವಳಿಗೆ ತೋಚಲಿಲ್ಲ. ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಬಾಗಿಲಲ್ಲಿ ಶಾಲು ಹೊದ್ದು ನಿಂತಿದ್ದ ನೋನ್ನಾ ಲ್ವೋವ್ನಾ ಎಲ್ಲವನ್ನೂ ನೋಡುತ್ತಿದ್ದರು.

"ಹಾರಿದ್ದು ಚೆನ್ನಾಗಿತ್ತು. ರಜೆ ಮುಗಿದ ಮೇಲೆ ತರಗತಿಗೆ ಲೇಟಾಗಿ ಬರಕೂಡದು" ಎಂದು ಅಲ್ಲಿಂದಲೇ ಹೇಳಿ, ಬಾಗಿಲು ಎಳೆದುಕೊಂಡು ಒಳಗೆ ಹೋದರು.

ಎದೆಯ ಮೇಲಿದ್ದ ಚಪ್ಪಡಿಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಉಸಿರು ಉದ್ದಕ್ಕೆ ಹೊರಬಂತು. ಅದರ ಹಿಂದೆಯೇ ನನ್ನ ಬಾಯಿಯೂ ಬಂತು.

"ಏ ಕತ್ತೆ! ಮಂಗ! ಮಂಜಿನ ಮೇಲೆ ಜಾರ್ತಿಯಾ? ನಿನ್ನ ತಲೆಯೊಳಗೆ ಇರೋದು ಮಿದುಳಾ ಇಲ್ಲಾ ಗಂಜಿನಾ? ಟೋಪಿ ಎಲ್ಲೇ? ಗುಂಡಿ ಯಾರು ಹಾಕ್ಬೇಕು, ನಿಮ್ಮಜ್ಜ ಮೇಲಿಂದ ಇಳಿದು ಬಂದು ಹಾಕ್ಬೇಕಾ? ಎಡಗಡೆ ಎಡಗಡೆ ಅಂತ ಹೇಳಿ ನನ್ನನ್ನ ಕಂಡೋರ ಇಲಿ ಮುಂದೆ ಕೂರ್ಸಿದ್ಯಲ್ಲ, ತಿರುಗುಬುದ್ಧಿಯವಳೇ!"

ಬೀದಿಯ ಆಚೆ ಹೋಗುತ್ತಿದ್ದವರು ನಿಂತು ನೋಡಿದರು. ಇನ್ನಾ ಕಣ್ಣೊರೆಸಿಕೊಂಡು ನಗಲು ಶುರುಮಾಡಿದಳು. ಸ್ಟೇಷಾ ನನ್ನ ತೋಳಿಗೆ ಜೋತುಬಿದ್ದಳು.

"ಅಜ್ಜಿ, ಆಟ ಮುಗೀತು. ಇನ್ನು ಬೈಯೋದು ಬೇಡ."

"ಅದಕ್ಕಲ್ಲ ಕಣೇ ಇದು" ಎಂದೆ. "ಇದು ನನಗೋಸ್ಕರ."

ಅವಳ ತಲೆಗೆ ನನ್ನ ಟೋಪಿಯನ್ನೇ ಕಿವಿ ಮುಚ್ಚುವ ತನಕ ಎಳೆದು ಹಾಕಿದೆ. ಕಣ್ಣಿಂದ ನೀರು ಸುರಿಯುತ್ತಿತ್ತು, ಬಾಯಿಂದ ಬೈಗುಳ ಸುರಿಯುತ್ತಿತ್ತು. ಟ್ರಾಮ್ ನಿಲ್ದಾಣ ಬರುವವರೆಗೂ ಎರಡನ್ನೂ ನಾನು ತಡೆಯಲಿಲ್ಲ.